ಸ್ಪ್ಲಾಂಖ್ನ ಮತ್ತು ಭಾನುವಾರದ ಬೋಟಿ

ಭಾನುವಾರ ಆರಾಧನೆ ಮುಗಿಸಿ ಬರುವಾಗ ಬೋಟಿ ತರುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ತರುವುದಷ್ಟೇ. ತೊಳೆಯುವುದನ್ನು ದೊಡ್ಡಮ್ಮ ಬೇರೆ ಯಾರ ಕೈಗೂ ಬಿಡುವುದಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂತು, ಬಿಸಿನೀರು, ಕಲ್ಲುಪ್ಪು, ಅರಿಶಿನ ಇಟ್ಟುಕೊಂಡು, ನಾಲ್ಕೈದು ಸಲವಾದರೂ ಉಜ್ಜಿ ತೊಳೆಯುತ್ತಾಳೆ. ಅಷ್ಟು ಹೊತ್ತು ಯಾರಾದರೂ ಹತ್ತಿರ ಕೂತು ಮಾತಾಡಬೇಕು. ಅದೂ ನನ್ನ ಪಾಲಿಗೇ ಬಂದಿದೆ.

ಆವತ್ತಿನ ಪ್ರಸಂಗ ಲೂಕನ ಸುವಾರ್ತೆಯ 10ನೇ ಅಧ್ಯಾಯದ್ದು, ಒಳ್ಳೆಯ ಸಮಾರ್ಯದವನ ಕಥೆ: ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದ ಯೆಹೂದ್ಯನನ್ನು ಅವನ ಜನರೇ ದಾಟಿಹೋದಾಗ, ಅವರು ದೂರವಿಟ್ಟಿದ್ದ ಸಮಾರ್ಯ ಸೀಮೆಯವನೊಬ್ಬ ಎತ್ತಿ ಉಪಚರಿಸಿದ್ದು. ನೂರು ಸಲ ಕೇಳಿದ್ದು. ನಮ್ಮ ಚರ್ಚಿನ ಪಾದ್ರಿ ಅಯ್ಯನವರು ನಡುವೆ ಒಂದು ಮಾತು ಹೇಳಿ ಮುಂದೆ ಹೋದರು: "ಇಲ್ಲಿ 'ಕನಿಕರಪಟ್ಟು' ಅಂತ ಇದೆಯಲ್ಲ, ಗ್ರೀಕ್ ಮೂಲದಲ್ಲಿ ಅದು ಒಳಗಿನ ಅಂಗಗಳಿಗೆ ಸಂಬಂಧಪಟ್ಟ ಪದ." ನಾನು ಅದನ್ನು ಕೇಳಿಸಿಕೊಂಡು ಮರೆತಿದ್ದೆ. ದೊಡ್ಡಮ್ಮ ಮರೆತಿರಲಿಲ್ಲ. ಬೋಟಿಯ ಒಂದು ಎಳೆಯನ್ನು ನೀರಿನಿಂದ ಎತ್ತಿ ಹಿಡಿದು ಕೇಳಿದಳು: "ಒಳಗಿನ ಅಂಗ ಅಂದ್ರೆ ಯಾವುದೋ? ಇದೇನಾ?"

ನಕ್ಕುಬಿಟ್ಟೆ. ಆದರೆ ನಗುವಂಥ ಪ್ರಶ್ನೆಯಾಗಿರಲಿಲ್ಲ ಅದು. ಕೆಲವು ವರ್ಷಗಳಿಂದ ಗ್ರೀಕ್ ವ್ಯಾಕರಣದ ಪುಸ್ತಕ ಇಟ್ಟುಕೊಂಡು ಹೆಣಗುತ್ತಿರುವ ನನಗೆ ಆ ಪದದ ಪರಿಚಯವಿತ್ತು. ಸ್ಪ್ಲಾಂಖ್ನಿಝೊಮಾಯ್. ಉಚ್ಚರಿಸುವುದಕ್ಕೇ ನಾಲಿಗೆ ತಡವರಿಸುವಂಥ ಕ್ರಿಯಾಪದ. ಅದರ ಬುಡದಲ್ಲಿರುವ ನಾಮಪದ ಸ್ಪ್ಲಾಂಖ್ನ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇದು ತೀರಾ ಅಪರಿಚಿತವೇನಲ್ಲ. ಹೊಟ್ಟೆಯೊಳಗಿನ ಅಂಗಗಳಿಗೆ ಹೋಗುವ ನರಗಳನ್ನು ಇವತ್ತಿಗೂ ಸ್ಪ್ಲಾಂಕ್ನಿಕ್ ನರಗಳು ಎಂದೇ ಕರೆಯುತ್ತಾರೆ.

ಹಳೆಯ ಗ್ರೀಕರ ಲೆಕ್ಕದಲ್ಲಿ ದೊಡ್ಡಮ್ಮನ ಕೈಯಲ್ಲಿದ್ದದ್ದು ಸ್ಪ್ಲಾಂಖ್ನ ಅಲ್ಲ. ಬಲಿಯ ಪ್ರಾಣಿಯನ್ನು ಕೊಯ್ದಾಗ ಸಿಗುವ ಗುಂಡಿಗೆ, ಲಿವರ್, ಶ್ವಾಸಕೋಶ, ಕಿಡ್ನಿ, ಇವು ಸ್ಪ್ಲಾಂಖ್ನ. ಬೋಟಿಗೆ ಬೇರೆ ಹೆಸರು, ಎಂಟೆರ. ಸ್ಪ್ಲಾಂಖ್ನಕ್ಕೆ ಒಂದು ಮರ್ಯಾದೆಯೂ ಇತ್ತು. ಹೋಮರನ ಇಲಿಯಡ್‌ನ ಮೊದಲ ಸರ್ಗದಲ್ಲೇ ಒಂದು ಬಲಿಯ ವರ್ಣನೆ ಬರುತ್ತದೆ: ದೇವರ ಪಾಲಿನ ತೊಡೆಮೂಳೆ ಬೆಂಕಿಯಲ್ಲಿ ಉರಿದ ಮೇಲೆ ಮೊದಲು ಸ್ಪ್ಲಾಂಖ್ನದ ರುಚಿ ನೋಡುತ್ತಾರೆ, ಆಮೇಲೆ ಉಳಿದ ಮಾಂಸವನ್ನು ಕೊಚ್ಚಿ ಕಂಬಿಗೆ ಚುಚ್ಚಿ ಸುಡುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ಸ್ನೇಹಿತನ ಊರಿನ ಮಾರಿಹಬ್ಬಕ್ಕೆ ಹೋಗಿದ್ದು. ಕುರಿ ಕೊಯ್ದವರು ಮೊದಲು ಲಿವರ್ ತೆಗೆದು, ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ, ಸುತ್ತ ನಿಂತಿದ್ದವರಿಗೆಲ್ಲ ಒಂದೊಂದು ಚೂರು ಕೊಟ್ಟಿದ್ದರು. ಮನೆಯೊಳಗೆ ಮಸಾಲೆ ಅರೆಯುವುದು ಇನ್ನೂ ಶುರುವಾಗಿರಲಿಲ್ಲ. ಆ ಚೂರು ಸಿಕ್ಕಿದವನು ಆ ಗುಂಪಿನವನು. ಗ್ರೀಕರಲ್ಲೂ ಹಾಗೇ, ಸ್ಪ್ಲಾಂಖ್ನದಲ್ಲಿ ಪಾಲು ಪಡೆದವರು ಆ ಬಲಿಯಲ್ಲಿ ಒಳಗಿನವರು.

ಅದೇ ಅಂಗಗಳು ಮನುಷ್ಯನೊಳಗಿದ್ದಾಗ ಭಾವನೆಯ ಗೂಡು. ಆದರೆ ಯಾವ ಭಾವನೆ? ಗ್ರೀಕ್ ನಾಟಕಗಳಲ್ಲಿ ಹೆಚ್ಚಾಗಿ ಸಿಟ್ಟು, ಬೇಗುದಿ, ಕುದಿಯುವಂಥದ್ದು. ಕ್ರಿ.ಪೂ. 405ರಲ್ಲಿ ಆಡಿದ ಅರಿಸ್ಟೊಫನೀಸನ 'ಕಪ್ಪೆಗಳು' ಪ್ರಹಸನದಲ್ಲಿ ಒಂದು ಪಾತ್ರ ಇನ್ನೊಂದಕ್ಕೆ ಸಿಟ್ಟಿನಲ್ಲಿ ಸ್ಪ್ಲಾಂಖ್ನವನ್ನು ಕಾಯಿಸಿಕೊಳ್ಳಬೇಡ ಎನ್ನುತ್ತದೆ. ನಮ್ಮಲ್ಲಿ ಹೊಟ್ಟೆ ಉರಿಸಿಕೊಳ್ಳಬೇಡ ಎನ್ನುವ ಹಾಗೆ. ದಯೆಯ ಸುದ್ದಿ ಅಲ್ಲಿಲ್ಲ.

ಕ್ರಿಯಾಪದದ ಕಥೆ ಇನ್ನೂ ವಿಚಿತ್ರ. ಸುವಾರ್ತೆಗಳಿಗೆ ಮೊದಲು ಅದು ಕಾಣಿಸಿಕೊಳ್ಳುವ ಒಂದು ಜಾಗ ಮಕ್ಕಬಿಯರ ಎರಡನೆಯ ಗ್ರಂಥ. ನಮ್ಮ ಪ್ರಾಟೆಸ್ಟೆಂಟ್ ಬೈಬಲ್ಲಿನಲ್ಲಿ ಅದಿಲ್ಲ, ಕ್ಯಾಥೊಲಿಕರದರಲ್ಲಿದೆ. ಅಂತಿಯೋಕಸ್ ಎಂಬ ಗ್ರೀಕ್ ದೊರೆಯ ಕಾಲದಲ್ಲಿ ಯೆಹೂದ್ಯರನ್ನು ಹಿಂಸಿಸಿ ಪರದೇವರುಗಳ ಬಲಿಯ ಸ್ಪ್ಲಾಂಖ್ನ ತಿನ್ನಿಸುತ್ತಿದ್ದ ಸಂಗತಿ ಅದರ 6ನೇ ಅಧ್ಯಾಯದಲ್ಲಿದೆ. ಆ ತಿನ್ನಿಸುವ ಕೆಲಸಕ್ಕೇ ಈ ಕ್ರಿಯಾಪದ ಬಳಕೆಯಾಗಿದೆ. ಒಪ್ಪದ 90 ವರ್ಷದ ಮುದುಕ ಎಲಿಯಾಜರನನ್ನು ಹೊಡೆದು ಕೊಲ್ಲುತ್ತಾರೆ. ಮುಂದೆ ಇನ್ನೂರು ಮುನ್ನೂರು ವರ್ಷಗಳೊಳಗೆ ಅದೇ ಯೆಹೂದ್ಯರ ನಡುವಿನಿಂದ ಹುಟ್ಟಿದ ಪುಸ್ತಕಗಳಲ್ಲಿ ಈ ಪದಕ್ಕೆ ಒಳಗೆಲ್ಲ ಕರಗಿಹೋಗುವ ಮರುಕ ಎಂಬ ಅರ್ಥ ಬಂದಿದೆ.

ಈ ತಿರುವಿನ ಹಿಂದೆ ಹೀಬ್ರೂ ಇದ್ದಿರಬೇಕು. ಹೀಬ್ರೂವಿನಲ್ಲಿ ರೆಹೆಮ್ ಅಂದರೆ ಗರ್ಭಕೋಶ. ಅದೇ ಧಾತುವಿನಿಂದ ಬಂದ ರಹಮೀಮ್ ಅಂದರೆ ಕರುಣೆ. ಸೊಲೊಮೋನನ ಮುಂದೆ ಇಬ್ಬರು ಹೆಂಗಸರು ಒಂದೇ ಕೂಸಿಗಾಗಿ ಜಗಳವಾಡಿದ ಕಥೆ ಎಲ್ಲರಿಗೂ ಗೊತ್ತು. ಕತ್ತಿ ತರಿಸಿದಾಗ ನಿಜವಾದ ತಾಯಿಯೊಳಗೆ ಕುದಿದದ್ದು ರಹಮೀಮ್ ಎನ್ನುತ್ತದೆ ಹೀಬ್ರೂ ಪಠ್ಯ. ಅದನ್ನು ಗ್ರೀಕಿಗೆ ತಂದವರು ನೇರವಾಗಿ 'ಅವಳ ಗರ್ಭ ಕಲಕಿತು' ಎಂದು ಬರೆದುಬಿಟ್ಟರು. ಕರುಣೆ ಎಂದು ಬರೆಯಬಹುದಿತ್ತು, ಬರೆಯಲಿಲ್ಲ. ಅನುವಾದಕರ ಮೇಲೆ ನನಗೆ ಗೌರವ ಹುಟ್ಟುವುದು ಇಂಥ ಕಡೆ.

ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ 12 ಸಲ ಬರುತ್ತದೆ. ಮತ್ತಾಯನಲ್ಲಿ 5, ಮಾರ್ಕನಲ್ಲಿ 4, ಲೂಕನಲ್ಲಿ 3. ಬೇರೆ ಎಲ್ಲೂ ಇಲ್ಲ, ಯೋಹಾನನ ಸುವಾರ್ತೆಯಲ್ಲೂ ಇಲ್ಲ. ಇನ್ನೊಂದು ಸಂಗತಿ ನನಗೆ ಗೊತ್ತಾದದ್ದು ಪಟ್ಟಿ ಬರೆದುಕೊಂಡ ಮೇಲೆ: ಈ ಪದಕ್ಕೆ ಕರ್ತೃವಾಗಿ ಬರುವವನು ಒಂದೋ ಯೇಸು, ಇಲ್ಲವೇ ಯೇಸು ಹೇಳುವ ಕಥೆಗಳ ಮೂವರು. ಸಾಲ ಬಿಟ್ಟುಕೊಟ್ಟ ರಾಜ, ಸಮಾರ್ಯದವನು, ಮನೆಬಿಟ್ಟು ಹೋದ ಮಗನ ತಂದೆ. ಶಿಷ್ಯರಿಗೆ ಒಂದು ಸಲವೂ ಹೀಗಾಗುವುದಿಲ್ಲ.

ರಾಜನ ಕಥೆಯ ಲೆಕ್ಕ ಸ್ವಲ್ಪ ನೋಡಬೇಕು. ಬಿಟ್ಟುಕೊಟ್ಟ ಸಾಲ 10,000 ತಲಾಂತು. ಒಂದು ತಲಾಂತಿಗೆ 6,000 ದಿನಾರಿ, ಒಂದು ದಿನಾರಿ ಒಬ್ಬ ಕೂಲಿಯ ಒಂದು ದಿನದ ದುಡಿಮೆ. ಅಲ್ಲಿಗೆ 6 ಕೋಟಿ ದಿನಗಳ ಕೂಲಿ! ಅಷ್ಟನ್ನು ಮನ್ನಾ ಮಾಡಿಸಿಕೊಂಡು ಹೊರಗೆ ಬಂದವನು ನೂರು ದಿನಾರಿಗೆ ಜೊತೆಗಾರನ ಕುತ್ತಿಗೆ ಹಿಸುಕುತ್ತಾನೆ. ಅಂಥ ಮೊತ್ತವನ್ನು ಯೋಚನೆ ಮಾಡಿ ಯಾರೂ ಬಿಡುವುದಿಲ್ಲ. ಒಳಗೆ ಏನೋ ಆದರೆ ಮಾತ್ರ ಬಿಟ್ಟಾರು.

ಲೂಕನ ಮೂರೂ ಕಡೆ ಈ ಪದದ ಹಿಂದೆ 'ನೋಡಿ' ಎಂಬುದಿದೆ. ನಾಯಿನ್ ಊರಿನ ಬಾಗಿಲಲ್ಲಿ ಒಬ್ಬನೇ ಮಗನ ಹೆಣದ ಹಿಂದೆ ಹೋಗುತ್ತಿದ್ದ ವಿಧವೆಯನ್ನು ನೋಡಿ. ಇನ್ನೂ ದೂರದಲ್ಲಿದ್ದ ಮಗನನ್ನು ನೋಡಿ. ಯೆರಿಕೋ ದಾರಿಯಲ್ಲಿ ಬಿದ್ದವನನ್ನು ನೋಡಿ. ಯಾಜಕನೂ ನೋಡಿದ, ದೇವಾಲಯದ ಸೇವಕನಾದ ಲೇವಿಯನೂ ನೋಡಿದ. ಅವರಿಗೆ ಲೂಕ ಹಾಕುವ ಕ್ರಿಯಾಪದದಲ್ಲಿ 'ಎದುರು ಮಗ್ಗುಲಿಗೆ ಸರಿದು ದಾಟಿದ' ಎಂಬಷ್ಟು ವಿವರವಿದೆ. ಮೂರನೆಯವನು ನೋಡಿದ, ಅವನೊಳಗೆ ಕಲಕಿತು. ಅಲ್ಲಿಂದ ಕೈಕಾಲು ನಿಲ್ಲುವುದೇ ಇಲ್ಲ: ಹತ್ತಿರ ಹೋದ, ಎಣ್ಣೆ ದ್ರಾಕ್ಷಾರಸ ಹೊಯ್ದ, ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಚತ್ರಕ್ಕೆ ತಂದ, ಉಪಚರಿಸಿದ, ಎರಡು ದಿನಾರಿ ತೆಗೆದು ಕೊಟ್ಟ.

ಕಥೆ ಮುಗಿದ ಮೇಲಿನ ಒಂದು ಸಣ್ಣ ಚಮತ್ಕಾರ ಕನ್ನಡದಲ್ಲಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. "ಆ ಮೂವರಲ್ಲಿ ನೆರೆಯವನು ಯಾರು?" ಎಂದು ಯೇಸು ಕೇಳಿದಾಗ, 'ನನ್ನ ನೆರೆಯವನು ಯಾರು' ಎಂದು ಕೇಳಿ ಈ ಕಥೆಗೆ ಕಾರಣನಾಗಿದ್ದ ಧರ್ಮಶಾಸ್ತ್ರಿ ಸಮಾರ್ಯದವನು ಎಂಬ ಹೆಸರೆತ್ತದೆ "ಅವನಿಗೆ ದಯೆ ತೋರಿಸಿದವನೇ" ಎಂದು ಹೇಳಿ ಜಾರಿಕೊಳ್ಳುತ್ತಾನೆ. ಹೆಸರನ್ನು ಬಿಟ್ಟದ್ದು ಎಲ್ಲ ಪ್ರಸಂಗಿಗಳೂ ಹೇಳುತ್ತಾರೆ. ಆದರೆ ಅವನು ಪದವನ್ನೂ ಬದಲಾಯಿಸಿದ್ದಾನೆ. ಕಥೆಯಲ್ಲಿದ್ದದ್ದು ಸ್ಪ್ಲಾಂಖ್ನ, ಇವನ ಬಾಯಲ್ಲಿ ಬಂದದ್ದು ಎಲೆಯೋಸ್. ಅದು ಮರ್ಯಾದಸ್ಥ ಪದ, ಪ್ರಾರ್ಥನೆಯಲ್ಲಿ ಬಳಸುವಂಥದ್ದು. ಹೊಟ್ಟೆಯೊಳಗಿನದ್ದನ್ನು ಅವನು ಗ್ರಂಥದ ಭಾಷೆಗೆ ಏರಿಸಿಬಿಟ್ಟ.

ಇಷ್ಟನ್ನೂ ದೊಡ್ಡಮ್ಮನಿಗೆ ನಾನು ಹೇಳಲಿಲ್ಲ. "ಇದಲ್ಲ, ಲಿವರ್ರು ಗುಂಡಿಗೆ ಅಂಥವು" ಎಂದೆ. ಅವಳು ಒಪ್ಪಲಿಲ್ಲ. "ನೋವಾದ್ರೆ ಲಿವರ್ ಚುರ್ ಅನ್ನುತ್ತೇನೋ ಯಾರಿಗಾದ್ರೂ? ಕರುಳು ತಾನೇ ಅನ್ನೋದು?"

ಅಲ್ಲಿಂದ ನನ್ನ ತಲೆ ಕೆಟ್ಟಿತು. ನಿಜವಲ್ಲವೇ? ಗ್ರೀಕರಿಗೆ ಲಿವರ್ರು, ಹೀಬ್ರೂವಿಗೆ ಗರ್ಭ, ಕನ್ನಡಕ್ಕೆ ಕರುಳು. ಹೆತ್ತ ಕರುಳು, ಕರುಳ ಕುಡಿ, ಕರುಳು ಬಳ್ಳಿ, ಕರುಳು ಕಿತ್ತು ಬರುವುದು. ಪಕ್ಕದ ಮಲಯಾಳದಲ್ಲಿ ಕರಳ್ ಎಂದರೆ ಲಿವರ್, ಹೃದಯ ಎರಡೂ. ಪ್ರೀತಿಯವರನ್ನು 'ಕರಳೇ' ಎಂದು ಕರೆಯುತ್ತಾರೆ. ಕರುಳಿಗೂ ಕರುಣೆಗೂ ನಂಟಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಒಂದು ದ್ರಾವಿಡ, ಇನ್ನೊಂದು ಸಂಸ್ಕೃತ, ಕಿವಿಗೆ ಮಾತ್ರ ನೆಂಟರು. ಅದಿರಲಿ. ಇಷ್ಟು ಸರಿಯಾದ ಪದ ಅಂಗೈಯಲ್ಲಿದ್ದಾಗ ನಮ್ಮ ಬೈಬಲ್ಲಿನವರು ಕನಿಕರ ಎಂದು ಯಾಕೆ ಬರೆದರು?

ಕನಿಕರದ ಮೇಲೆ ನನ್ನ ತಕರಾರು ಇಷ್ಟೇ: ಅದು ಮೇಲಿನಿಂದ ಕೆಳಕ್ಕೆ ಬೀಳುತ್ತದೆ. "ನಿನ್ನ ಕನಿಕರ ಯಾರಿಗೆ ಬೇಕು" ಎಂದು ಸ್ವಾಭಿಮಾನಿ ಹೇಳುತ್ತಾನೆ. "ನಿನ್ನ ಕರುಳು ಯಾರಿಗೆ ಬೇಕು" ಎಂದು ಯಾರೂ ಹೇಳುವುದಿಲ್ಲ. ಮುಂದಿನ ವಾರ ಅಯ್ಯನವರ ಹತ್ತಿರ ಇದನ್ನೇ ಎತ್ತಿದೆ. ಅವರು ಸಮಾಧಾನದ ಮನುಷ್ಯ. ಕನಿಕರಪಡು ಎನ್ನುವಾಗ ಆ 'ಪಡು' ಇದೆಯಲ್ಲ, ಅದನ್ನು ಗಮನಿಸಿ ಎಂದರು. ಗ್ರೀಕ್ ಕ್ರಿಯಾಪದದ ರೂಪವೂ ಕರ್ಮಣಿಯದ್ದೇ. ಅವನು ಮಾಡಿದ್ದಲ್ಲ, ಅವನಿಗೆ ಆದದ್ದು. ನೋವುಪಡು, ಸಂಕಟಪಡು, ಕನಿಕರಪಡು. ಆ ಮಟ್ಟಿಗೆ ಅನುವಾದಕರು ಸೋತಿಲ್ಲ. ಒಪ್ಪಿಕೊಂಡೆ.

ಆಮೇಲೆ ಅವರು ಕೇಳಿದ್ದು ನಿಜಕ್ಕೂ ಕಷ್ಟದ ಪ್ರಶ್ನೆ. "ಕರುಳು ಅಂತ ಯಾರ ವಿಷಯಕ್ಕೆ ಹೇಳ್ತೀವಿ ಹೇಳಿ?"

ಹೌದಲ್ಲ. ಟಿವಿಯವರು 'ಕರುಳು ಹಿಂಡುವ ದೃಶ್ಯ' ಎಂದು ದಿನಕ್ಕೆ ಹತ್ತು ಸಲ ಕಿರುಚುವುದನ್ನು ಬಿಟ್ಟರೆ, ಕನ್ನಡದ ಕರುಳಿಗೆ ಒಂದು ಬೇಲಿ ಇದೆ. ಅದು ಹೆತ್ತವರದ್ದು, ಒಡಹುಟ್ಟಿದವರದ್ದು. ಕರುಳ ಸಂಬಂಧ ಎಂದರೆ ರಕ್ತಸಂಬಂಧ. ವಿಧವೆಯ ಕಣ್ಣೀರಿಗೆ, ತಿರುಗಿ ಬಂದ ಮಗನ ತಂದೆಗೆ ಕರುಳು ಒಪ್ಪುತ್ತದೆ. ದಾರಿಯಲ್ಲಿ ಬಿದ್ದ ಗುರುತಿಲ್ಲದವನಿಗೆ, ಅದೂ ತನ್ನನ್ನು ಮುಟ್ಟಿಸಿಕೊಳ್ಳದ ಜನರವನಿಗೆ, ಸಮಾರ್ಯದವನ ಕರುಳು ಯಾಕೆ ಮಿಡಿಯಬೇಕು? ಕನ್ನಡದ ಕಿವಿಗೆ ತಪ್ಪು ಕೇಳಿಸುತ್ತದೆ ಎಂದು ಅಯ್ಯನವರ ವಾದ. ನನಗನ್ನಿಸಿದ್ದು, ಆ ತಪ್ಪು ಕೇಳಿಸಬೇಕು ಎಂದೇ. ಲೂಕನ ಗ್ರೀಕ್ ಕೇಳುಗನಿಗೂ ಅದು ಸರಿಯಾಗಿ ಕೇಳಿಸಿರಲಾರದು. ಗ್ರೀಕಿನಲ್ಲೂ ಸ್ಪ್ಲಾಂಖ್ನ ಎಂಬುದನ್ನು ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಬಳಸುವ ವಾಡಿಕೆಯಿತ್ತು. ತಂದೆಗೆ ಹಾಕಿದ ಪದವನ್ನೇ ಪರಜಾತಿಯ ದಾರಿಹೋಕನಿಗೂ ಹಾಕಿದ್ದಾನೆ ಲೂಕ, ಐದೇ ಅಧ್ಯಾಯಗಳ ಅಂತರದಲ್ಲಿ. ಕನಿಕರ ಎಂದಾಗ ಇಬ್ಬರೂ ಒಳ್ಳೆಯವರು, ಮುಗಿಯಿತು. ಕರುಳು ಎಂದಾಗ ಯಾರು ಯಾರಿಗೆ ಏನಾಗಬೇಕು ಎಂಬ ಲೆಕ್ಕವೇ ಅಡಿಮೇಲಾಗುತ್ತದೆ. ನಾವಿಬ್ಬರೂ ಒಪ್ಪಂದಕ್ಕೆ ಬರಲಿಲ್ಲ. ಚಹಾ ಬಂತು.

ಇಂಗ್ಲಿಷಿನವರು ಒಂದು ಕಾಲಕ್ಕೆ ಅಕ್ಷರಶಃ 'ಬವೆಲ್ಸ್', ಅಂದರೆ ಕರುಳು, ಎಂದೇ ಅನುವಾದಿಸಿ ನೋಡಿದ್ದರು. 1611ರ ಅವರ ಬೈಬಲ್ಲಿನಲ್ಲಿ, ಮೊದಲ ಕಾಲದ ಕ್ರೈಸ್ತರಿಗೆ ಪೌಲ ಬರೆದ ಪತ್ರಗಳ ತುಂಬ ಕರುಳೇ ಕರುಳು. 1650ರಲ್ಲಿ ಇಂಗ್ಲೆಂಡಿನ ಸೇನಾಪತಿ ಕ್ರಾಮ್‌ವೆಲ್ ಸ್ಕಾಟ್ಲೆಂಡಿನ ಚರ್ಚಿನ ಸಭೆಗೆ ಬರೆಯುತ್ತ, ಕ್ರಿಸ್ತನ ಕರುಳಿನಾಣೆ, ನೀವು ತಪ್ಪಿರಬಹುದೆಂದು ಸ್ವಲ್ಪ ಯೋಚಿಸಿ ಎಂದು ಬೇಡಿಕೊಂಡ. ಅವರು ಯೋಚಿಸಲಿಲ್ಲ, ಒಂದೇ ತಿಂಗಳಲ್ಲಿ ಯುದ್ಧವಾಯಿತು. ಇವತ್ತಿನ ಇಂಗ್ಲಿಷಿನಲ್ಲಿ ಆ ಪದ ಶೌಚದ ಕಡೆಗೆ ಇಳಿದುಹೋಗಿದೆ, ಪ್ರಾರ್ಥನೆಯಲ್ಲಿ ಬಳಸಿದರೆ ಮಕ್ಕಳು ಕಿಸಕ್ಕನೆ ನಗುತ್ತಾರೆ. ಕನ್ನಡದ ಕರುಳಿಗೆ ಆ ಗತಿ ಬಂದಿಲ್ಲ. ದೊಡ್ಡಮ್ಮ ಬೋಟಿ ತೊಳೆಯುತ್ತಲೇ ಮೊಮ್ಮಗನನ್ನು ಕರುಳ ಕುಡಿ ಎನ್ನುತ್ತಾಳೆ, ನಡುವೆ ಏನೂ ಅಡ್ಡಿಯಾಗುವುದಿಲ್ಲ.

ನಾಮಪದ ಹೊಸ ಒಡಂಬಡಿಕೆಯಲ್ಲಿ 11 ಸಲ. ಅದರಲ್ಲಿ ಒಂದು ಭಯಂಕರ: ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ, ಯೇಸುವನ್ನು ಹಿಡಿದುಕೊಟ್ಟ ಯೂದ ಬಿದ್ದು ಹೊಟ್ಟೆ ಒಡೆದು ಸ್ಪ್ಲಾಂಖ್ನವೆಲ್ಲ ಹೊರಗೆ ಚೆಲ್ಲಿತು ಎನ್ನುತ್ತಾನೆ ಅದೇ ಲೂಕ. ಅಲ್ಲಿ ಯಾವ ಭಾಷೆಯ ಅನುವಾದಕನೂ ಕನಿಕರ ಎಂದು ಬರೆದು ತಪ್ಪಿಸಿಕೊಳ್ಳಲಾರ.

ಇನ್ನೊಂದು ಯೋಹಾನನ ಮೊದಲನೆಯ ಪತ್ರದ್ದು, 3:17. ಇದನ್ನು ನಾನು ಹೀಗೆ ಓದಿಕೊಳ್ಳುತ್ತೇನೆ: ಲೋಕದ ಬದುಕು ಇರುವವನು, ಕೊರತೆಯಲ್ಲಿರುವ ತನ್ನ ಸಹೋದರನನ್ನು ನೋಡಿಯೂ ಅವನ ಕಡೆಗೆ ತನ್ನ ಕರುಳನ್ನು ಮುಚ್ಚಿಕೊಂಡರೆ, ದೇವರ ಪ್ರೀತಿ ಅವನಲ್ಲಿ ಹೇಗೆ ನಿಂತೀತು? (ಗ್ರೀಕಿನ ಬಿಯೋಸ್‌ಗೆ ಜೀವನ, ಆಸ್ತಿ ಎರಡೂ ಅರ್ಥ. ನಮ್ಮ ಹಳಬರು ಬದುಕು ಎಂದಾಗಲೂ ಎರಡೂ ಇತ್ತು. ಇಂಥ ಅದೃಷ್ಟ ಅನುವಾದಕನಿಗೆ ದಿನಾ ಸಿಗುವುದಿಲ್ಲ.) ಅಲ್ಲಿರುವ ಕ್ರಿಯಾಪದ ಬಾಗಿಲು ಮುಚ್ಚುವುದಕ್ಕೆ ಬಳಸುವಂಥದ್ದೇ.

ಈ ವಚನದ ಹತ್ತಿರ ಬಂದಾಗಲೆಲ್ಲ ನನಗೆ ಒಂದು ರಾತ್ರಿ ನೆನಪಾಗುತ್ತದೆ. ರಿಂಗ್ ರೋಡಿನಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದೆ. ಡಿವೈಡರ್ ಪಕ್ಕ ಒಂದು ಬೈಕು ಉರುಳಿತ್ತು, ಅದರಾಚೆ ಒಬ್ಬ ಕೂತಿದ್ದ, ತಲೆ ಹಿಡಿದುಕೊಂಡು. ಸುತ್ತ ಯಾರೂ ಇರಲಿಲ್ಲ. ಕರುಳು ಚುರ್ ಎಂದಿತು, ಸುಳ್ಳಲ್ಲ. ಸ್ಕೂಟರ್ ನಿಧಾನ ಮಾಡಿದೆ. ಪೊಲೀಸು, ಸಾಕ್ಷಿ, ಕುಡಿದಿದ್ದಾನೋ ಏನೋ, ಹಿಂದಿನ ಸೀಟಿನಲ್ಲಿ ಮಗಳು. ಎಲ್ಲ ಒಂದೇ ಕ್ಷಣದಲ್ಲಿ ಬಂದವು. ನಾನು ಬಲಕ್ಕೆ ಒತ್ತಿ ದಾಟಿದೆ. ಒಂದು ಕಿಲೋಮೀಟರ್ ಹೋದ ಮೇಲೆ ತಡೆಯಲಾರದೆ ತಿರುಗಿ ಬಂದರೆ, ಊಟ ತಲುಪಿಸುವ ಹುಡುಗನೊಬ್ಬ ತನ್ನ ಕೆಂಪು ಚೀಲವನ್ನು ರಸ್ತೆಯಲ್ಲೇ ಇಟ್ಟು ಆಟೋ ಕೈ ಮಾಡುತ್ತಿದ್ದ. ನನ್ನ ಅವಶ್ಯಕತೆ ಇರಲಿಲ್ಲ. ಮಗಳು ಮನೆಗೆ ಬರುವವರೆಗೂ ಏನೂ ಕೇಳಲಿಲ್ಲ.

ಹಾಗಾಗಿ ಕರುಳು ಮಿಡಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದು ನಾನು ಬರೆಯಲಾರೆ. ಸುವಾರ್ತೆಯ 12 ಕಡೆಗಳಲ್ಲಿ ಹಾಗಾಗುತ್ತದೆ ಅಥವಾ ಆಗಲಿ ಎಂದು ಬೇಡಲಾಗುತ್ತದೆ. ಬೇಡುವವನು ಮಾರ್ಕ 9ರ ತಂದೆ, ಮೂರ್ಛೆ ಬೀಳುವ ಮಗನನ್ನು ಹಿಡಿದುಕೊಂಡು ಬಂದವನು: ನಿನ್ನಿಂದ ಏನಾದರೂ ಆಗುವುದಾದರೆ ನಮ್ಮ ಮೇಲೆ ಕರುಳಿಟ್ಟು ಸಹಾಯ ಮಾಡು. ಆದರೆ ಪತ್ರ ಬರೆದ ಯೋಹಾನನಿಗೆ ನಮ್ಮಂಥವರ ಪರಿಚಯ ಹೆಚ್ಚಿತ್ತು.

ಮಾರ್ಕನಲ್ಲೇ ಇನ್ನೊಂದು ಗಂಟಿದೆ. 1:41ರಲ್ಲಿ ಕುಷ್ಠರೋಗಿಯನ್ನು ಕಂಡು ಯೇಸು ಕನಿಕರಪಟ್ಟ ಎಂದು ಹೆಚ್ಚಿನ ಹಸ್ತಪ್ರತಿಗಳು ಹೇಳುತ್ತವೆ. ಕೇಂಬ್ರಿಜ್‌ನಲ್ಲಿರುವ, 1581ರಲ್ಲಿ ಥಿಯೊಡೋರ್ ಬೆಝಾ ಆ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪ್ರಾಚೀನ ಗ್ರೀಕ್-ಲ್ಯಾಟಿನ್ ಪ್ರತಿಯಲ್ಲಿ ಮಾತ್ರ 'ಸಿಟ್ಟುಗೊಂಡು' ಎಂದಿದೆ. ಕೆಲವು ಹಳೆಯ ಲ್ಯಾಟಿನ್ ಪ್ರತಿಗಳೂ ಅದರ ಜೊತೆಗಿವೆ. ಪಂಡಿತರ ಒಂದು ವಾದ ಸರಳವಾಗಿದೆ: ಸಿಟ್ಟನ್ನು ಕನಿಕರ ಎಂದು ತಿದ್ದುವ ಲಿಪಿಕಾರ ಸಿಗುತ್ತಾನೆ, ಕನಿಕರವನ್ನು ಸಿಟ್ಟು ಎಂದು ಯಾವನು ತಿದ್ದುತ್ತಾನೆ? ಇದೇ ಕಥೆಯನ್ನು ಮರಳಿ ಹೇಳುವ ಮತ್ತಾಯ, ಲೂಕರಲ್ಲಿ ಎರಡೂ ಇಲ್ಲ. ಹೆಚ್ಚಿನ ಪ್ರತಿಗಳ ಬಲ ಕನಿಕರದ ಕಡೆಗೇ ಇದ್ದರೂ ನನಗೆ ಸಿಟ್ಟೇ ಇದ್ದಿರಬೇಕು ಅನ್ನಿಸುತ್ತದೆ, ಹಾಗೆ ಅನ್ನಿಸುವುದಕ್ಕೆ ಕಾರಣ ವ್ಯಾಕರಣವಲ್ಲ. ಒಬ್ಬ ಮನುಷ್ಯನನ್ನು ಊರಾಚೆ ಇಟ್ಟಿರುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಏಳುವುದು ಬರೀ ಮರುಕವೇ?

ಬೋಟಿ ಗೊಜ್ಜಿನ ಊಟವಾದ ಒಂದು ಮಧ್ಯಾಹ್ನ ದೊಡ್ಡಮ್ಮನಿಗೆ ಫಿಲೆಮೋನನಿಗೆ ಬರೆದ ಪತ್ರ ಓದಿ ಹೇಳಿದೆ. ಒಂದೇ ಅಧ್ಯಾಯ, 25 ವಚನ, ಅಷ್ಟರಲ್ಲೇ ಮೂರು ಸಲ ಸ್ಪ್ಲಾಂಖ್ನ. ಪೌಲ ಸೆರೆಯಲ್ಲಿದ್ದಾನೆ. ಫಿಲೆಮೋನನ ಗುಲಾಮ ಓನೇಸಿಮ ಮನೆಯಿಂದ ಓಡಿ ಬಂದವನು ಎಂಬುದು ಹಿಂದಿನಿಂದ ಬಂದ ಓದು. ಅವನನ್ನು ಪೌಲ ಯಜಮಾನನ ಹತ್ತಿರಕ್ಕೆ ವಾಪಸ್ಸು ಕಳಿಸುತ್ತಿದ್ದಾನೆ, ಕೈಯಲ್ಲಿ ಈ ಪತ್ರ. ಓನೇಸಿಮ ಎಂದರೆ ಉಪಯೋಗಿ. ಆ ಹೆಸರಿನ ಮೇಲೆ ಪೌಲ ಒಂದು ಚಟಾಕಿಯನ್ನೂ ಹಾರಿಸುತ್ತಾನೆ, ಮೊದಲು ನಿನಗೆ ನಿರುಪಯೋಗಿಯಾಗಿದ್ದವನು ಈಗ ನಿನಗೂ ನನಗೂ ಉಪಯೋಗಿ ಎಂದು. ಬೇಡಿಯಲ್ಲಿದ್ದಾಗ ನಾನು ಹೆತ್ತ ಮಗ ಎನ್ನುತ್ತಾನೆ. 12ನೇ ವಚನದಲ್ಲಿ ನಾನು ಅಚ್ಚಾದ ಪದವನ್ನು ಬಿಟ್ಟು, ಗ್ರೀಕಿನಲ್ಲಿದ್ದಂತೆ ಓದಿದೆ:

"ಅವನನ್ನು ನಿನಗೆ ತಿರುಗಿ ಕಳಿಸುತ್ತಿದ್ದೇನೆ. ಅವನೆಂದರೆ ನನ್ನ ಕರುಳು."

ದೊಡ್ಡಮ್ಮ ಎಲೆ ಅಡಿಕೆಯ ತಟ್ಟೆ ಪಕ್ಕಕ್ಕಿಟ್ಟಳು. ಸಾಲವಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ಕೊಡುತ್ತೇನೆ ಎಂಬಲ್ಲಿಗೆ ಬಂದಾಗ "ಹೂಂ" ಎಂದಳು. ಕ್ರಿಸ್ತನಲ್ಲಿ ನನ್ನ ಕರುಳನ್ನು ತಣಿಸು ಎಂಬ 20ನೇ ವಚನವೂ ಆಯಿತು, ಉಳಿದುಕೊಳ್ಳುವುದಕ್ಕೆ ನನಗೊಂದು ಜಾಗ ಸಿದ್ಧಮಾಡು ಎಂಬುದೂ ಆಯಿತು, ವಂದನೆಗಳೂ ಮುಗಿದವು.

"ಆಮೇಲೆ?" ಎಂದಳು.

"ಆಮೇಲೆ ಏನಿಲ್ಲ. ಪತ್ರ ಅಷ್ಟೇ."

"ಅಲ್ಲ ಕಣೋ, ಆ ಯಜಮಾನ ಒಳಕ್ಕೆ ಕರಕೊಂಡ್ನಾ ಇಲ್ವಾ?"